ಕಾಚಂಪುಳಿ ಕಂಡ ಬಾರ್ಬೆಕ್ಯೂ: ಸುಂಟಿಕೊಪ್ಪದಾಚೆಯ ಒಂದು ಅಮೆರಿಕನ್ ಊಟ

ಕೊಡಗಿನ ಮೆನುಗಳಲ್ಲಿ ‘ಅಮೆರಿಕನ್’ ಎಂಬ ವಿಶೇಷಣ ಹೊಸದೇನಲ್ಲ. ಮಡಿಕೇರಿಯ ರಾಜಾಸೀಟಿನ ಬಳಿ ಬೆಣ್ಣೆ, ಉಪ್ಪು, ಮಸಾಲೆ ಬೆರೆಸಿ ಕಾಗದದ ಕಪ್ಪಿನಲ್ಲಿ ಕೊಡುವ ಜೋಳ ಅಮೆರಿಕನ್ ಸ್ವೀಟ್ ಕಾರ್ನ್. ಹಳೆಯ ಬಾರ್ ಅಂಡ್ ರೆಸ್ಟೊರೆಂಟ್‌ಗಳ ಮಾಸಿದ ಮೆನುವಿನಲ್ಲಿ ಚೈನೀಸ್ ವಿಭಾಗದ ಕೊನೆಗೆ ಬರುವ, ಗರಿಗರಿ ನೂಡಲ್ಸ್ ಮೇಲೆ ಕೆಂಪು ಸಿಹಿಹುಳಿ ಗ್ರೇವಿ ಸುರಿದು ಕರಿದ ಮೊಟ್ಟೆಯನ್ನು ಟೋಪಿಯಂತೆ ಕೂರಿಸಿದ ಖಾದ್ಯ ಅಮೆರಿಕನ್ ಚಾಪ್ಸಿ. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತ್ಯದಲ್ಲಿ ಇದೇ ಹೆಸರಿನಲ್ಲಿ ಕೇಳಿದರೆ ಮೆಕರೋನಿ, ಕೊಚ್ಚಿದ ಮಾಂಸ ಮತ್ತು ಟೊಮೆಟೊ ಸೇರಿಸಿ ಬೇಯಿಸಿದ, ನಮ್ಮ ಚಾಪ್ಸಿಗೆ ಯಾವ ಸಂಬಂಧವೂ ಇಲ್ಲದ ಊಟ ಸಿಗುತ್ತದೆ. ಆದ್ದರಿಂದ ಸುಂಟಿಕೊಪ್ಪ ದಾಟಿ ಮಡಿಕೇರಿಯ ಕಡೆಗೆ ಏರುವ ಹೆದ್ದಾರಿಯಿಂದ ತುಸು ಒಳಗೆ, ತೋಟದ ಹಳೆಯ ಗೋದಾಮೊಂದನ್ನು ದುರಸ್ತಿಗೊಳಿಸಿ ತೆರೆದಿರುವ ರೆಸ್ಟೊರೆಂಟ್ ಒಂದು ತಾನು ಅಮೆರಿಕನ್ ಊಟವನ್ನೇ ಬಡಿಸುವುದಾಗಿ ಹೇಳಿಕೊಂಡಾಗ ಸ್ವಲ್ಪ ಅನುಮಾನದಿಂದಲೇ ಒಳಗೆ ಹೋಗಬೇಕಾಗುತ್ತದೆ. ಇರುವ ಕೆಲವೇ ಮೇಜುಗಳಿಗೆ ವಾರಾಂತ್ಯದ ಬೆಂಗಳೂರಿನ ಕಾರುಗಳೇ ಸಾಕಾಗಿವೆ, ಹೆಸರು ಬರೆಯಬೇಡಿ ಎಂದು ಅದನ್ನು ನಡೆಸುವ ದಂಪತಿ ಕೇಳಿಕೊಂಡಿದ್ದಾರೆ. ವಿಮರ್ಶೆಗೆ ಅದು ಅಡ್ಡಿಯಾಗದು.

ಅಮೆರಿಕದ ಊಟ ಪರದೇಶಕ್ಕೆ ಹೋದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿಯೇ ಮೂರು ದಶಕಗಳ ಚರಿತ್ರೆಯಿದೆ. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಬಾಗಿಲು ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಅದನ್ನು ಬಲವಾಗಿ ವಿರೋಧಿಸಿತು. 1996ರ ಜನವರಿಯಲ್ಲಿ ಕಾರ್ಯಕರ್ತರು ಮಳಿಗೆಗೆ ನುಗ್ಗಿದ್ದೂ ಉಂಟು. ಅದೇ ವರ್ಷ ದೆಹಲಿಯಲ್ಲಿ ಮೊದಲ ಮಳಿಗೆ ತೆರೆದ ಮೆಕ್‌ಡೊನಾಲ್ಡ್ಸ್, ದನದ ಮಾಂಸವನ್ನೂ ಹಂದಿ ಮಾಂಸವನ್ನೂ ಕೈಬಿಟ್ಟು, ದನದ ಮಾಂಸದ ಬರ್ಗರ್ ಆದ ಬಿಗ್ ಮ್ಯಾಕ್ ಇರಬೇಕಾದಲ್ಲಿ ಕುರಿಮಾಂಸದ ಮಹಾರಾಜ ಮ್ಯಾಕ್ ಅನ್ನು ನಿಲ್ಲಿಸಿತು, ಅದನ್ನು ಮುಂದೆ ಕೋಳಿಗೆ ಬದಲಾಯಿಸಿತು. ಇಂಥ ಹೊಂದಾಣಿಕೆ ಭಾರತದ್ದು ಮಾತ್ರವಲ್ಲ. 1987ರಲ್ಲಿ ಬೀಜಿಂಗ್‌ಗೆ ಬಂದ ಕೆಎಫ್‌ಸಿ ಇಂದು ಚೀನಾದಲ್ಲಿ ಬೆಳಗಿನ ಹೊತ್ತು ಅಕ್ಕಿಗಂಜಿಯನ್ನೂ ಕರಿದ ಹಿಟ್ಟಿನ ಕೋಲುಗಳನ್ನೂ ಮಾರುತ್ತದೆ. ಜಪಾನಿನಲ್ಲಿ 1974ರ ಒಂದು ಜಾಹೀರಾತು ಅಭಿಯಾನದಿಂದಾಗಿ ಕರಿದ ಕೋಳಿಯೇ ಕ್ರಿಸ್‌ಮಸ್ ಊಟವಾಗಿಬಿಟ್ಟಿದೆ. ಫಿಲಿಪ್ಪೀನ್ಸ್‌ನ ಬರ್ಗರ್ ಅಂಗಡಿಗಳಲ್ಲಿ ಕರಿದ ಕೋಳಿಯ ಪಕ್ಕದಲ್ಲಿ ಸಿಹಿಯಾದ ಸ್ಪಗೆಟ್ಟಿ ಬರುತ್ತದೆ.

ಇವುಗಳಲ್ಲಿ ಎರಡು ದಾರಿಗಳು ಕಾಣುತ್ತವೆ. ಮೊದಲನೆಯದು ಸುಲಭದ್ದು: ಖಾದ್ಯವನ್ನು ಹಾಗೆಯೇ ಇಟ್ಟು ಮೇಲೆ ಊರಿನ ಮಸಾಲೆ ಉದುರಿಸುವುದು. ಎರಡನೆಯದಕ್ಕೆ ಅಡುಗೆ ಬಲ್ಲವರೇ ಬೇಕು. ಮೂಲ ಖಾದ್ಯದಲ್ಲಿ ಒಂದೊಂದು ಪದಾರ್ಥ ಯಾವ ಕೆಲಸ ಮಾಡುತ್ತದೆ ಎಂದು ತಿಳಿದು, ಅದೇ ಕೆಲಸವನ್ನು ಮಾಡಬಲ್ಲ ವಸ್ತು ತನ್ನ ನೆಲದಲ್ಲಿ ಯಾವುದಿದೆ ಎಂದು ಹುಡುಕಬೇಕಾಗುತ್ತದೆ. ಈ ರೆಸ್ಟೊರೆಂಟಿನ ಮೆನುವಿನಲ್ಲಿ ಎರಡೂ ದಾರಿಗಳ ತಿನಿಸುಗಳಿವೆ, ಅವುಗಳ ನಡುವಿನ ಅಂತರ ತಟ್ಟೆಯಲ್ಲಿಯೇ ತಿಳಿಯುತ್ತದೆ.

ಎರಡನೆಯ ದಾರಿಯ ಅತ್ಯುತ್ತಮ ಫಲ ಇಲ್ಲಿನ ಪುಲ್ಡ್ ಪೋರ್ಕ್, ಅಂದರೆ ಹೊಗೆಯಲ್ಲಿ ಬೇಯಿಸಿ ಎಳೆಎಳೆಯಾಗಿ ಬಿಡಿಸಿದ ಹಂದಿ ಮಾಂಸ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದಕ್ಕೆ ಹಂದಿಯ ಭುಜದ ಭಾಗವನ್ನೇ ಆರಿಸುತ್ತಾರೆ. ಆ ಭಾಗದ ಮಾಂಸ ಗಡಸು, ಅದರೊಳಗೆ ಕೊಬ್ಬೂ ಸಂಯೋಜಕ ಅಂಗಾಂಶವೂ ಹೆಚ್ಚು. ಜೋರು ಬೆಂಕಿಗೆ ಹಿಡಿದರೆ ಚರ್ಮದ ಚಪ್ಪಲಿಯಾಗುತ್ತದೆ. ಸುಮಾರು 110 ಡಿಗ್ರಿ ಸೆಲ್ಸಿಯಸ್‌ನ ಮಂದ ಶಾಖದಲ್ಲಿ ಹತ್ತು ಹನ್ನೆರಡು ಗಂಟೆ ಇಟ್ಟು, ಮಾಂಸದ ಒಳಭಾಗ 90 ಡಿಗ್ರಿ ದಾಟುವವರೆಗೆ ಕಾದರೆ ಅದರ ಕೊಲ್ಯಾಜನ್ ಎಂಬ ಗಡಸು ಪ್ರೋಟೀನ್ ಕರಗಿ ಜೆಲಟಿನ್ ಆಗುತ್ತದೆ, ಆಗ ಮಾಂಸ ಚಾಕುವಿನ ಹಂಗಿಲ್ಲದೆ ಬೆರಳಿಗೇ ಬಿಟ್ಟುಕೊಳ್ಳುತ್ತದೆ. ಅಲ್ಲಿ ಹಿಕರಿ ಅಥವಾ ಓಕ್ ಮರದ ಹೊಗೆ. ಇಲ್ಲಿ ಕಿತ್ತು ತೆಗೆದ ಹಳೆಯ ಕಾಫಿ ಗಿಡಗಳ ಬೊಡ್ಡೆಗಳ ಹೊಗೆ. ಕಾಫಿ ಸೌದೆ ಗಟ್ಟಿ, ನಿಧಾನವಾಗಿ ಉರಿಯುತ್ತದೆ, ಹೊಗೆ ಮೃದು. ಒಲೆಯ ಮೇಲಿನ ಅಟ್ಟದಲ್ಲಿ ಮಾಂಸವನ್ನು ಹೊಗೆಗೆ ಒಣಗಿಸಿ ಮಳೆಗಾಲಕ್ಕೆ ಕಾಪಿಟ್ಟುಕೊಳ್ಳುತ್ತಿದ್ದ ಕೊಡಗಿನ ಮನೆಗಳಿಗೆ ಈ ರುಚಿ ಪೂರ್ತಿ ಅಪರಿಚಿತವಲ್ಲ.

ಆದರೆ ನಿಜವಾದ ಜಾಣತನ ಇರುವುದು ಸಾಸ್‌ನಲ್ಲಿ. ಬಾರ್ಬೆಕ್ಯೂ ಸಾಸ್ ಎಂದರೆ ನಮಗೆ ಬಾಟಲಿಯಲ್ಲಿ ಬರುವ ಕಂದು ಬಣ್ಣದ ಸಿಹಿ ಪಾಕವೇ ನೆನಪಾಗುತ್ತದೆ, ಅದು ಕಾನ್ಸಾಸ್ ಸಿಟಿಯ ಕಡೆಯ ಬಗೆ. ನಾರ್ತ್ ಕ್ಯಾರೊಲೈನಾದ ಪೂರ್ವ ಭಾಗದಲ್ಲಿ ಸಾಸ್ ಎಂದರೆ ವಿನೆಗರ್, ಮೆಣಸು, ಉಪ್ಪು, ಇಷ್ಟೆ. ಟೊಮೆಟೊಗೆ ಅಲ್ಲಿ ಪ್ರವೇಶವಿಲ್ಲ. ಅದೇ ರಾಜ್ಯದ ಪಶ್ಚಿಮಕ್ಕೆ, ಲೆಕ್ಸಿಂಗ್ಟನ್ ಕಡೆಗೆ ಹೋದರೆ ಸ್ವಲ್ಪ ಕೆಚಪ್ ಸೇರುತ್ತದೆ, ಸೌತ್ ಕ್ಯಾರೊಲೈನಾದ ಕೆಲವೆಡೆ ಸಾಸಿವೆ. ಕೊಬ್ಬಿನ ಮಾಂಸಕ್ಕೆ ಕಡು ಹುಳಿಯೇ ಜೋಡಿ ಎಂಬ ಪೂರ್ವ ಕ್ಯಾರೊಲೈನಾದ ತತ್ತ್ವವನ್ನು ಕೊಡಗಿಗೆ ಯಾರೂ ಕಲಿಸಬೇಕಾಗಿಲ್ಲ, ಏಕೆಂದರೆ ಇಲ್ಲಿನ ಹಂದಿ ಮಾಂಸದ ಅಡುಗೆಯಾದ ಪಂದಿ ಕರಿಯೂ ಅದೇ ತತ್ತ್ವದ ಮೇಲೆ ನಿಂತಿದೆ. ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣುಗಳ ರಸವನ್ನು ಇಳಿಸಿ, ಕಪ್ಪಗೆ ಮಂದವಾಗುವವರೆಗೆ ಕುದಿಸಿ ಶೀಸೆಗೆ ತುಂಬುವ ಕಾಚಂಪುಳಿ ಇಲ್ಲಿ ವಿನೆಗರ್‌ನ ಸ್ಥಾನದಲ್ಲಿದೆ. ಜೊತೆಗೆ ಸೂಜಿಮೆಣಸು, ತೋಟದ ಕರಿಮೆಣಸು, ಉಪ್ಪು, ಚೂರು ಬೆಲ್ಲ. ಎರಡು ಹುಳಿಗಳ ನಡುವೆ ವ್ಯತ್ಯಾಸವಿದೆ ಎಂಬುದನ್ನೂ ಅಡುಗೆಯವರು ಗಮನಿಸಿದ್ದಾರೆ. ವಿನೆಗರ್‌ನ ಆಮ್ಲ ಆವಿಯಾಗುವಂಥದ್ದು, ತುತ್ತು ಬಾಯಿಗೆ ತಲುಪುವ ಮೊದಲೇ ಮೂಗಿಗೆ ಬಡಿಯುತ್ತದೆ; ಕಾಚಂಪುಳಿಯ ಆಮ್ಲ ಹಾಗಲ್ಲ, ಅದು ನಾಲಗೆಯ ಮೇಲೆ ತಡವಾಗಿ ಬಂದು ಬಹಳ ಹೊತ್ತು ಉಳಿಯುತ್ತದೆ. ಹಾಗಾಗಿ ಅದನ್ನು ಮಾಂಸದ ಬಿಸಿ ರಸದಲ್ಲಿ ಸಡಿಲಿಸಿ, ಬಿಡಿಸಿದ ಎಳೆಗಳಿಗೆ ತೆಳುವಾಗಿ ಹಚ್ಚಿ, ಮೇಲೆ ಒಂದಿಷ್ಟು ನಿಂಬೆರಸ ಹಿಂಡಿ ಕೊಡುತ್ತಾರೆ. ಮೂಗಿನ ಪಾಲು ನಿಂಬೆಯದು, ನಾಲಗೆಯ ಪಾಲು ಕಾಚಂಪುಳಿಯದು. ಹೊಗೆ, ಕೊಬ್ಬು, ಹುಳಿ, ಖಾರ ಒಂದರ ಹಿಂದೆ ಒಂದು ಬಂದು, ಯಾವುದೂ ಮತ್ತೊಂದನ್ನು ಮುಚ್ಚದೆ ಹೋಗುವ ಈ ತಟ್ಟೆಗೆ 420 ರೂಪಾಯಿ ದುಬಾರಿಯಲ್ಲ.

ಹಾಗಾದರೆ ಪಂದಿ ಕರಿಯನ್ನೇ ತಿನ್ನಬಾರದೇಕೆ ಎಂದು ಕೇಳುವವರು ಇದ್ದಾರೆ, ಕೊಡಗಿನಲ್ಲಂತೂ ಇದ್ದೇ ಇರುತ್ತಾರೆ. ಪಂದಿ ಕರಿ ತೊಗಲು ಕೊಬ್ಬು ಸಮೇತವಾದ ತುಂಡುಗಳ ಅಡುಗೆ. ಹುರಿದ ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆಯ ಕಪ್ಪು ಮಸಾಲೆ ಅದರ ಜೀವ. ಇಲ್ಲಿ ಮಸಾಲೆಯಿಲ್ಲ. ಮಾಂಸದ ರುಚಿಯೂ ಹೊಗೆಯ ರುಚಿಯೂ ಮುಂದೆ ನಿಂತು, ಕಾಚಂಪುಳಿ ಹಿಂದೆ ಉಳಿಯುತ್ತದೆ. ಕೈಲ್‌ಪೊಳ್ದ್‌ ಹಬ್ಬದ ದಿನ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟಿನ ಜೊತೆ ಬೇಕಾಗುವುದು ಪಂದಿ ಕರಿಯೇ, ಅದರ ಜಾಗಕ್ಕೆ ಇದನ್ನು ತರಲು ಯಾರೂ ಹೊರಟಿಲ್ಲ. ಮಾಂಸದ ಜೊತೆಗೆ ಬನ್ ಅಥವಾ ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ), ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಬನ್ ನಮ್ಮ ಬೇಕರಿಗಳ ಸಿಹಿ ಬನ್ನಿನ ಸೋದರ, ಸಾಸ್ ಬಿದ್ದ ಎರಡೇ ನಿಮಿಷಕ್ಕೆ ಕುಸಿಯುತ್ತದೆ. ಅಕ್ಕಿ ಒಟ್ಟಿಯನ್ನು ಆರಿಸಿಕೊಳ್ಳುವುದು ಲೇಸು. ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದ ಟಾಕೋವನ್ನು ತಿನ್ನುವಂತೆ ಮಡಚಿ ತಿನ್ನಿ ಎಂದು ಬಡಿಸುವ ಹುಡುಗ ಹೇಳುತ್ತಾನೆ. ನಮ್ಮ ಕೈಗಳಿಗೆ ಆ ಸಲಹೆಯ ಅಗತ್ಯವೇನೂ ಇರಲಿಲ್ಲ.

ತಟ್ಟೆಯ ಮೂಲೆಯಲ್ಲಿ ಬರುವ ಕೋಲ್‌ಸ್ಲಾ ಮಾತ್ರ ಈ ವಿವೇಕವನ್ನು ಮರೆತಿದೆ. ಮೊಟ್ಟೆಯಿಲ್ಲದ ಸಿಹಿ ಮೇಯೊನೀಸ್‌ನಲ್ಲಿ ಮುಳುಗಿದ ಎಲೆಕೋಸು ಹೊಗೆಯ ಮಾಂಸದ ಪಕ್ಕದಲ್ಲಿ ಅಂಟಂಟಾಗಿ ಕೂತಿರುತ್ತದೆ. ಪೂರ್ವ ಕ್ಯಾರೊಲೈನಾದ ಸಾಸನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು, ಕ್ಯಾರೊಲೈನಾದಲ್ಲಿಯೇ ಎಲೆಕೋಸಿಗೂ ವಿನೆಗರ್ ಹಾಕುವ ಪದ್ಧತಿಯಿರುವುದನ್ನು ಹೇಗೆ ಬಿಟ್ಟರೋ ತಿಳಿಯದು.

ಸಸ್ಯಾಹಾರಿಗಳಿಗೆ ಇರುವ ಹಲಸಿನ ಬರ್ಗರ್ ಕತೆ ಇನ್ನೂ ಸ್ವಾರಸ್ಯದ್ದು. ಎಳೆ ಹಲಸಿನ ಕಾಯಿಯನ್ನು ಬೇಯಿಸಿ ಬಿಡಿಸಿದರೆ ಮಾಂಸದಂತೆಯೇ ಎಳೆಗಳಾಗುತ್ತದೆ ಎಂದು ಅಮೆರಿಕದ ಸಸ್ಯಾಹಾರಿಗಳು ಅದನ್ನು ಪುಲ್ಡ್ ಪೋರ್ಕ್‌ನ ಬದಲಿಗೆ ಬಳಸತೊಡಗಿ ಕೆಲವು ವರ್ಷಗಳಾದವು. ಅಲ್ಲಿಗೆ ಹಲಸು ಹೋಗುವುದು ಉಪ್ಪುನೀರಿನ ಡಬ್ಬಿಗಳಲ್ಲಿ. ತೋಟದ ನೆರಳಿಗೆಂದು ಬಿಟ್ಟ ಹಲಸಿನ ಮರಗಳು ರಸ್ತೆಯುದ್ದಕ್ಕೂ ಕಾಣುವ ಈ ಊರಿನಲ್ಲಿ, ಎಳೆಕಾಯಿಯ ಕಾಲ ಮುಗಿದ ಮೇಲೆ ಇವರೂ ಡಬ್ಬಿಯ ಹಲಸನ್ನೇ ಬಳಸುತ್ತಾರೆ. ಆ ಉಪ್ಪುನೀರಿನ ವಾಸನೆಯನ್ನು ಯಾವ ಹೊಗೆಯೂ ತೆಗೆಯಲಾರದು. ಬೇಸಗೆಯ ಮೊದಲ ತಿಂಗಳುಗಳಲ್ಲಿ ಹೋದರೆ ಹಲಸನ್ನು ಧೈರ್ಯವಾಗಿ ಕೇಳಿ. ಉಳಿದ ಕಾಲದಲ್ಲಿ ಬೇಡ.

ಕರಿದ ಕೋಳಿ ಚೆನ್ನಾಗಿದೆ. ಮಜ್ಜಿಗೆಯಲ್ಲಿ ನೆನೆಸುವ ಅಮೆರಿಕದ ದಕ್ಷಿಣದ ರಾಜ್ಯಗಳ ಕ್ರಮವನ್ನು ಉಳಿಸಿಕೊಂಡು, ಮೈದಾದ ಅರ್ಧಪಾಲನ್ನು ಅಕ್ಕಿಹಿಟ್ಟಿಗೆ ಬದಲಾಯಿಸಿದ್ದಾರೆ. ಬರಿಯ ಮೈದಾದ ಹೊದಿಕೆ ಈ ಮಂಜು ಮಳೆಯ ಹವೆಯಲ್ಲಿ ಮೇಜಿಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ. ಅಕ್ಕಿಹಿಟ್ಟು ಗರಿಯನ್ನು ಹಿಡಿದಿಡುತ್ತದೆ. ಕೊರಿಯಾದವರು ಅಮೆರಿಕನ್ ಕರಿದ ಕೋಳಿಗೆ ಪಿಷ್ಟ ಬಳಸಿ ಎರಡು ಬಾರಿ ಕರಿದು ಗರಿಯ ಪ್ರಶ್ನೆಯನ್ನು ಬಗೆಹರಿಸಿಕೊಂಡಂತೆ ಇದೂ ಒಂದು ಪರಿಹಾರ.

ಮೊದಲ ದಾರಿಯ ತಿನಿಸುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ತಂದೂರಿ ಮೇಯೊ ಪನೀರ್ ಬರ್ಗರ್ ದೇಶದ ಯಾವ ಹೆದ್ದಾರಿಯಲ್ಲಾದರೂ ಸಿಗುವಂಥದ್ದು, ಅದರಲ್ಲಿ ಅಮೆರಿಕವೂ ಇಲ್ಲ, ಕೊಡಗೂ ಇಲ್ಲ. ಮೆಕರೋನಿಗೆ ಚೀಸ್ ಬೆರೆಸುವ ಮ್ಯಾಕ್ ಅಂಡ್ ಚೀಸ್‌ಗೆ ಹಳೆಯದಾಗಿ ಹದಗೊಂಡ ಚೆಡ್ಡರ್ ಬೇಕು. ಸಂಸ್ಕರಿಸಿದ ಚೀಸ್‌ಗೆ ಆ ತೀಕ್ಷ್ಣತೆ ಇಲ್ಲವಾದ್ದರಿಂದ ದೊಣ್ಣೆಮೆಣಸು, ಜೋಳ, ಓರೆಗಾನೊ ಸುರಿದು ಕೊರತೆ ಮುಚ್ಚಲು ಯತ್ನಿಸಿದ್ದಾರೆ. 280 ರೂಪಾಯಿಗೆ ಅದೊಂದು ಬೆಚ್ಚನೆಯ ಅಂಟು. ಮಕ್ಕಳು ಖುಷಿಯಿಂದ ತಿನ್ನುತ್ತಿದ್ದುದನ್ನು ಪಕ್ಕದ ಮೇಜಿನಲ್ಲಿ ಕಂಡದ್ದನ್ನೂ ಇಲ್ಲಿ ದಾಖಲಿಸುವುದು ನ್ಯಾಯ. ಪ್ಯಾನ್‌ಕೇಕಿನ ಮೇಲೆ ಮೇಪಲ್ ಪಾಕದ ಬದಲು ಮಲೆನಾಡಿನ ಜೋನಿ ಬೆಲ್ಲ ಬರುತ್ತದೆ, ಅದು ಎರಡನೆಯ ದಾರಿಯದ್ದು, ಸರಿಯಾಗಿಯೇ ಇದೆ.

ಇನ್ನು ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯಲ್ಲಿ ಅಮೆರಿಕನ್ ಕಾಫಿ ಮಾರುವುದಕ್ಕೆ ಎದೆಗಾರಿಕೆ ಬೇಕು. ಟಾಟಾ ಜೊತೆಗೂಡಿ ಸ್ಟಾರ್‌ಬಕ್ಸ್ 2012ರಲ್ಲಿ ಮುಂಬೈಯಲ್ಲಿ ಮಳಿಗೆ ತೆರೆದಾಗ ಅದರ ಲೋಟಕ್ಕೆ ಬೀಜ ಒದಗಿಸಿದ ಸೀಮೆಗಳಲ್ಲಿ ನಮ್ಮದೂ ಒಂದು, ಹುರಿಯುವ ಘಟಕವೂ ಕೊಡಗಿನಲ್ಲಿಯೇ ಬಂತು; ಆದರೆ ನೊರೆ, ಪಾಕ, ಕ್ರೀಮುಗಳ ಆ ಬಗೆಯನ್ನು ಈ ರೆಸ್ಟೊರೆಂಟ್ ಅನುಕರಿಸಿಲ್ಲ. ಅಮೆರಿಕದ ರಸ್ತೆಬದಿಯ ಡೈನರ್‌ಗಳಲ್ಲಿ ದೊಡ್ಡ ಮಗ್ಗಿನಲ್ಲಿ ಕೊಟ್ಟು, ಖಾಲಿಯಾದಂತೆ ಮತ್ತೆ ಮತ್ತೆ ತುಂಬುವ ತೆಳು ಕರಿಕಾಫಿ ಇವರ ಮಾದರಿ. ಅದಕ್ಕೆ ಹತ್ತಿರದ ಬಂಧು ಕೊಡಗಿನ ಮನೆಗಳ ಬೆಲ್ಲದ ಕಾಫಿ: ಹಾಲಿಲ್ಲದೆ, ತೆಳ್ಳಗೆ, ದೊಡ್ಡ ಲೋಟದಲ್ಲಿ, ಬಂದವರಿಗೆಲ್ಲ ಕೇಳದೆಯೇ ಕೊಡುವಂಥದ್ದು. ಇಲ್ಲಿ 60 ರೂಪಾಯಿಗೆ ಬೆಲ್ಲದ ಕಾಫಿಯನ್ನು ಡೈನರ್ ಪದ್ಧತಿಯಂತೆ ಎಷ್ಟು ಬಾರಿ ಬೇಕಾದರೂ ತುಂಬಿಸಿಕೊಳ್ಳಬಹುದು. ಏಲಕ್ಕಿ ಹಾಕಿದ್ದು ಬೇಕೇ ಎಂದು ಕೇಳುತ್ತಾರೆ; ಬೇಡವೆನ್ನಿ, ಅದು ಪ್ರವಾಸಿಗರಿಗಾಗಿ ಸೇರಿದ್ದು.

ವ್ಯವಸ್ಥೆಯ ಕುರಿತು ಒಂದೆರಡು ಮಾತು. ಶನಿವಾರ ಮಧ್ಯಾಹ್ನ ಮುಕ್ಕಾಲು ಗಂಟೆ ಕಾಯಲು ಸಿದ್ಧರಾಗಿರಬೇಕು, ಕಾರು ನಿಲ್ಲಿಸಲು ಜಾಗ ಕಡಿಮೆ, ಕರೆಂಟು ಹೋದರೆ ಫ್ರೈಸ್ ಸಿಗುವುದಿಲ್ಲ. ಪುಲ್ಡ್ ಪೋರ್ಕ್ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ, ಹಿಂದಿನ ರಾತ್ರಿ ಒಲೆಗೆ ಏರಿದ್ದು ಮುಗಿದರೆ ಮುಗಿಯಿತು, ಎರಡು ಗಂಟೆಯ ನಂತರ ಹೋದವರಿಗೆ ಮೆನುವಿನ ಆ ಸಾಲಿನ ಮೇಲೆ ಗೀಟು ಎಳೆದಿರುವುದು ಕಾಣುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸೌದೆಗೆ ತೇವ ಹತ್ತುವುದರಿಂದ ಹೊಗೆ ಬಿಳಿಯಾಗಿ, ಮಾಂಸದ ಹೊರಪದರಕ್ಕೆ ಕಹಿ ಅಂಟುತ್ತದೆ. ಗೋದಾಮಿನ ಹಿಂಬದಿಯ ಮಾಡಿನಡಿ ಈಗ ಪೇರಿಸಿರುವ ಸೌದೆ ಅಟ್ಟಿ ಮಳೆಗಾಲಕ್ಕೆ ಸಾಲುವಂತೆ ಕಾಣುವುದಿಲ್ಲ. ಆ ಎರಡು ತಿಂಗಳು ಹೋಗುವವರು ಕೋಳಿಯನ್ನೂ ಬೆಲ್ಲದ ಕಾಫಿಯನ್ನೂ ನೆಚ್ಚಿಕೊಳ್ಳಬಹುದು, ಹಂದಿಗೆ ಅಕ್ಟೋಬರ್ ಬರಲಿ.