ಮೂರು ವರ್ಷ ಬಳಸಿದ ಮೇಲೆ: ಪಾಚಿ ಫೋಟೋಗೆ ಈ ಮೈಕ್ರೋಸ್ಕೋಪ್ ಹೇಗಿದೆ?

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಮನೆ ಹಿಂದೆಯೇ ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಹಾಗಾಗಿ ಪಾಚಿಗೇನೂ ಬರ ಇಲ್ಲ. ಮೂರು ವರ್ಷದ ಹಿಂದೆ 22 ಸಾವಿರ ಕೊಟ್ಟು, ಕಾಲೇಜು ಲ್ಯಾಬಿನಲ್ಲಿ ಇರುತ್ತಲ್ಲ, ಅಂಥದ್ದೇ ಎರಡು ಕಣ್ಣಿನ ಮೈಕ್ರೋಸ್ಕೋಪ್ ತೆಗೆದುಕೊಂಡೆ. 4, 10, 40, 100 ಪಟ್ಟು ದೊಡ್ಡದು ಮಾಡೋ ನಾಲ್ಕು ಲೆನ್ಸ್, ಕೆಳಗೆ ಎಲ್‌ಇಡಿ. ಫೋಟೋ ಎಲ್ಲಾ ಮೊಬೈಲಲ್ಲೇ, ಐಪೀಸ್‌ಗೆ (ಕಣ್ಣಿಟ್ಟು ನೋಡೋ ಲೆನ್ಸಿಗೆ) ಕ್ಲ್ಯಾಂಪ್ ಹಾಕಿ ತೆಗೆಯೋದು.

ಎಲ್ಲರೂ ಮೊದಲು ಕೇಳೋದು "ಎಷ್ಟು ಜೂಮ್ ಆಗುತ್ತೆ" ಅಂತ. ಎಣ್ಣೆ ಹಾಕಿ ನೋಡೋ 100ರ ಲೆನ್ಸನ್ನು ನಾನು ಈ ಮೂರು ವರ್ಷದಲ್ಲಿ ಹತ್ತು ಸಲ ಬಳಸಿದ್ದರೆ ಜಾಸ್ತಿ. ಫೋಟೋ ಬದಲಾಗಿದ್ದು ಬೆಳಕಿನಿಂದ. ಕೊಳ್ಳುವಾಗ ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕನ್ನು ಒಟ್ಟುಗೂಡಿಸೋ ಲೆನ್ಸ್) ಮೇಲೆ ಕೆಳಗೆ ಹೋಗುತ್ತಾ, ಐರಿಸ್ (ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸೋ ಕಿಂಡಿ) ಇದೆಯಾ, ಅದರಡಿ ಫಿಲ್ಟರ್ ಇಡೋ ಬಳೆ ಇದೆಯಾ, ಇಷ್ಟು ನೋಡಿ. ನನ್ನದರಲ್ಲಿ ಮೂರೂ ಇದೆ, ಅದಕ್ಕೇ ಇನ್ನೂ ಇಟ್ಟುಕೊಂಡಿದ್ದೇನೆ.

ಮಾಮೂಲಿ ಬೆಳಕಿನಲ್ಲೇ ಪಾಚಿ ಚೆನ್ನಾಗಿ ಕಾಣುತ್ತೆ, ಅದಕ್ಕೆ ತನ್ನದೇ ಹಸಿರು ಬಣ್ಣ ಇದೆ ಅಲ್ವಾ. ಆದರೆ ಶುರುವಿನಲ್ಲಿ ಎಲ್ಲರೂ ಮಾಡೋ ತಪ್ಪು, ಗೆರೆ ಗಾಢವಾಗಿ ಕಾಣಲಿ ಅಂತ ಐರಿಸ್ ಪೂರ್ತಿ ಮುಚ್ಚೋದು. ಆಗ ಅಂಚಿಗೆಲ್ಲ ಕಪ್ಪು ಬಳೆ ಬಂದು ಒಳಗಿನ ವಿವರ ಹೋಗುತ್ತೆ. ಮುಕ್ಕಾಲು ಭಾಗ ತೆರೆದಿಡಿ. ಕ್ಲೋಸ್ಟೀರಿಯಂ ಅಂತ ಕುಡುಗೋಲಿನಂಥ ಪಾಚಿ ಇದೆ, ಅದರ ಎರಡೂ ತುದಿಯಲ್ಲಿ ಪುಟ್ಟ ಗುಳ್ಳೆ, ಗುಳ್ಳೆಯೊಳಗೆ ಜಿಪ್ಸಂ ಹರಳು. 40ರ ಲೆನ್ಸಲ್ಲಿ ಆ ಹರಳುಗಳು ನಿಲ್ಲದೆ ಚಡಪಡಿಸೋದು ಕಾಣುತ್ತೆ. ಐರಿಸ್ ಸರಿ ಮಾಡಿದ ದಿನವೇ ಅದು ಮೊದಲ ಸಲ ನನ್ನ ಕಣ್ಣಿಗೆ ಬಿದ್ದಿದ್ದು.

ಇನ್ನು ಡಾರ್ಕ್ ಫೀಲ್ಡ್, ಅಂದರೆ ಹಿನ್ನೆಲೆ ಕಪ್ಪಾಗಿ ಪಾಚಿ ಮಾತ್ರ ಹೊಳೆಯೋ ಹಾಗೆ ಮಾಡೋದು. ಖರ್ಚು ಏನೂ ಇಲ್ಲ. ಪಾರದರ್ಶಕ ಹಾಳೆಯನ್ನು ಗುಂಡಗೆ ಕತ್ತರಿಸಿ, ಸರಿಯಾಗಿ ನಡುವೆ ಕಪ್ಪು ಕಾಗದದ ಬಿಲ್ಲೆ ಅಂಟಿಸಿ, ಕಂಡೆನ್ಸರ್ ಅಡಿಯ ಫಿಲ್ಟರ್ ಬಳೆಯಲ್ಲಿಡಿ. ನನ್ನದಕ್ಕೆ 10ರ ಲೆನ್ಸಿಗೆ 10 ಮಿ.ಮೀ., 40ಕ್ಕೆ 16 ಮಿ.ಮೀ. ಸರಿಹೋಯ್ತು. ಐರಿಸ್ ಪೂರ್ತಿ ತೆರೆದು, ಕಂಡೆನ್ಸರ್ ಮೇಲಕ್ಕೆ ಏರಿಸಿ, ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ ನೋಡಿ. ತಳದಲ್ಲಿ ಪೂರ್ತಿ ಕಪ್ಪು ಕಂಡರೆ ಬಿಲ್ಲೆ ಸರಿಯಾಗಿ ಕೂತಿದೆ, ಅಂಚಲ್ಲಿ ಬೆಳಕಿನ ಚೂರು ಕಂಡರೆ ಇನ್ನೂ ಸರಿಸಬೇಕು. ವಾಲ್ವಾಕ್ಸ್ ಅನ್ನೋ ಪಾಚಿ ಕಪ್ಪಿನ ಮೇಲೆ ಹಸಿರು ಚುಕ್ಕಿಯ ಚೆಂಡಾಗಿ ಉರುಳಿ ಬರೋದು ನೋಡಿದರೆ ಮೊಬೈಲ್ ಕೈಯಲ್ಲಿದ್ದದ್ದೇ ಮರೆತುಹೋಗುತ್ತೆ. 100ರ ಲೆನ್ಸಿಗೆ ಈ ಉಪಾಯ ನಡೆಯಲ್ಲ. ನಮ್ಮ ಬೇಸಿಗೆಯ ಧೂಳು ಮಾತ್ರ ದೊಡ್ಡ ಕಾಟ, ಗಾಜಿನ ಮೇಲಿನ ಒಂದೊಂದು ಕಣವೂ ನಕ್ಷತ್ರದ ಹಾಗೆ ಹೊಳೆಯುತ್ತೆ. ಸ್ಲೈಡ್ ಎರಡೆರಡು ಸಲ ಒರೆಸಿ.

ಅದೇ ಬಳೆಯಲ್ಲಿ ಕಾರ್ಡಿನ ತುಂಡಿಟ್ಟು ಅರ್ಧ ಬೆಳಕು ಮುಚ್ಚಿದರೆ ಓರೆ ಬೆಳಕು. ಪೀಡಿಯಾಸ್ಟ್ರಂನಂಥ ಚಪ್ಪಟೆ ಪಾಚಿ ಉಬ್ಬಿ ಬಂದ ಹಾಗೆ ಕಾಣುತ್ತೆ. ಗದ್ದೆ ನೀರಿನ ಅನಬೀನಾ ಅನ್ನೋ ನೀಲಿ-ಹಸಿರು ಪಾಚಿಯನ್ನು ಹೀಗೆ ತೋರಿಸಿದಾಗ ಅಪ್ಪ, "ಮುತ್ತಿನ ಸರ ಇದ್ದಂಗ ಐತಲ್ಲೋ" ಅಂದರು. ಸರದ ನಡುನಡುವೆ ತೆಳು ಬಣ್ಣದ, ದಪ್ಪ ಗೋಡೆಯ ಗುಂಡು ಕೋಶ ಇರುತ್ತೆ, ಗಾಳಿಯ ಸಾರಜನಕ ಹಿಡಿಯೋದು ಅದೇ. ಗದ್ದೆಗೆ ಪುಗಸಟ್ಟೆ ಗೊಬ್ಬರ ಅಂದೆ. ಅಪ್ಪ ಮತ್ತೆ ಬಗ್ಗಿ ತುಂಬಾ ಹೊತ್ತು ನೋಡಿದರು.

ಪೋಲರೈಸಿಂಗ್ ಹಾಳೆಯ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನಷ್ಟೇ ಬಿಡೋ ಹಾಳೆ) ಎರಡು ತುಂಡು, ಒಂದು ಸ್ಲೈಡಿನ ಕೆಳಗೆ ಒಂದು ಮೊಬೈಲ್ ಲೆನ್ಸ್ ಮೇಲೆ ಇಟ್ಟು, ಕತ್ತಲಾಗುವವರೆಗೆ ತಿರುಗಿಸಿದರೆ ಮರಳಿನ ಕಣ ಬಣ್ಣಬಣ್ಣವಾಗಿ ಹೊಳೆಯುತ್ತೆ. ಡಯಾಟಮ್ ಅನ್ನೋ ಪಾಚಿಯ ಚಿಪ್ಪೂ ಮರಳಿನ ಹಾಗೆ ಸಿಲಿಕಾದ್ದೇ, ಆದರೆ ಹರಳಾಗಿರದ ಸಿಲಿಕಾ, ಅದಕ್ಕೆ ಹೊಳೆಯಲ್ಲ. ಬಣ್ಣವಿಲ್ಲದ ತೆಳು ಭಾಗಗಳನ್ನೂ ಎದ್ದು ಕಾಣಿಸೋ ಫೇಸ್ ಕಾಂಟ್ರಾಸ್ಟ್ ಕಿಟ್ ಆಮೇಲೆ ಬೇರೆ ಕೊಂಡೆ. ಯೂಗ್ಲೀನಾ ಈಜೋಕೆ ಬಳಸೋ ಚಾಟಿಯಂಥ ತೆಳು ಎಳೆಗೆ ಚೆನ್ನ, ಸ್ಪೈರೋಗೈರಾದಂಥ ದಪ್ಪ ಎಳೆಗೆ ಸುತ್ತ ಬಿಳಿ ಪ್ರಭೆ ಬಂದು ಫೋಟೋ ಕೆಡುತ್ತೆ. ಪಾಚಿಗೆ ಅಂತಲೇ ಆದರೆ ಅಷ್ಟು ದುಡ್ಡು ಹಾಕಬೇಡಿ.

ಬೇಜಾರಾಗಿದ್ದು ಒಂದೇ. ಎಂಟನೇ ತಿಂಗಳಿಗೆ ಬೆಳಕು ಕಮ್ಮಿ ಮಾಡಿದರೆ ಫೋಟೋದಲ್ಲಿ ಪಟ್ಟೆ ಬರೋಕೆ ಶುರುವಾಯ್ತು. ಮಾರಿದವರಿಗೆ ಕಳಿಸಿದೆ, ಎರಡು ತಿಂಗಳು ಇಟ್ಟುಕೊಂಡು ಹಾಗೇ ವಾಪಸ್ ಕಳಿಸಿದರು. ಈಗ ಎಲ್‌ಇಡಿ ಫುಲ್ ಇಟ್ಟು ಅದರ ಮೇಲೆ ಬಟರ್ ಪೇಪರ್ ಹಾಕ್ತೇನೆ, ಪಟ್ಟೆ ಬರಲ್ಲ. ಐದಕ್ಕೆ ನಾಲ್ಕು ಸ್ಟಾರ್.