ಅಲಸಂಡೆ ಬೇರಿನಲ್ಲಿ ಗಂಟೇ ಕಟ್ಟಲಿಲ್ಲ: ರೈಜೋಬಿಯಂ ತರುವ ಮೊದಲು ಇಷ್ಟು ನೋಡಿಕೊಳ್ಳಿ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಗುಡ್ಡೆ ಜಾಗ. ಕೆಂಪು ಮುರಮಣ್ಣು, ಅರ್ಧ ಎಕರೆ, 5 ಕಿಲೋ ಅಲಸಂಡೆ ಬೀಜ. ಬೇರಿನಲ್ಲಿ ಗಂಟು ಕಟ್ಟಿಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣು, ರೈಜೋಬಿಯಂ, ಹಚ್ಚಿಯೇ ಬಿತ್ತಿದ್ದು. ಆದರೂ 35ನೇ ದಿನಕ್ಕೆ ಅಡಿ ಎಲೆಗಳು ಹಳದಿ ತಿರುಗಿ, ಗಿಡ ಗೇಣುದ್ದಕ್ಕೇ ನಿಂತಿತು. ಮಣ್ಣು ಸಮೇತ ಅಗೆದು ಬೇರು ತೊಳೆದು ನೋಡಿದರೆ ಸಾಸಿವೆ ಕಾಳಿನಷ್ಟು ಎರಡೋ ಮೂರೋ ಗಂಟು. ಉಗುರಿನಿಂದ ಸೀಳಿದಾಗ ಒಳಗೆ ಬರೀ ಬಿಳಿ. ಕೆಲಸ ಮಾಡುವ ಗಂಟಿನ ಒಳಗು ಚಂದ್ರಪೇರಳೆಯ ತಿರುಳಿನ ಹಾಗೆ ನಸುಗೆಂಪು ಇರಬೇಕು. ಬಿಳಿ ಇದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸೇರುತ್ತಿಲ್ಲ ಎಂದೇ ಲೆಕ್ಕ.

ದೊಡ್ಡ ತಪ್ಪು ಆದದ್ದು ಸುಣ್ಣದಲ್ಲಿ. ಇಂಥ ಹುಳಿ (ಆಮ್ಲೀಯ) ಮಣ್ಣಿನಲ್ಲಿ ರೈಜೋಬಿಯಂ ಹಚ್ಚಿದ ಬೀಜಕ್ಕೆ ಸುಣ್ಣದ ಹುಡಿ ಹೊರಳಿಸುವ ಕ್ರಮ ಸರಿಯೇ. ಆದರೆ ಇಲ್ಲಿ ಬಳಸಿದ್ದು ಅಡಿಕೆಗೆ ಹೊಡೆಯುವ ಬೋರ್ಡೋ ಮದ್ದು ಕಲಸಲು ತಂದಿಟ್ಟ ಕುಮ್ಮಾಯ, ಅಂದರೆ ಅರಳಿದ ಸುಣ್ಣ! ಅದರ ರಸಸಾರ (ಪಿಎಚ್) 12ರ ಮೇಲೆ. ಒದ್ದೆ ಬೀಜಕ್ಕೆ ಅದು ತಾಗಿದರೆ ಜೀವಾಣು ಉಳಿಯುವುದಿಲ್ಲ. ಬೇಕಾದದ್ದು ನುಣ್ಣಗೆ ಅರೆದ ಕ್ಯಾಲ್ಸಿಯಂ ಕಾರ್ಬೊನೇಟ್. ಕೈ ಉರಿಸುವ, ನೀರು ಬಿದ್ದರೆ ಬಿಸಿಯಾಗುವ ಯಾವ ಸುಣ್ಣವನ್ನೂ ಬೀಜದ ಹತ್ತಿರ ತರಬೇಡಿ.

5 ಕಿಲೋ ಬೀಜಕ್ಕೆ 100 ಗ್ರಾಂ ರೈಜೋಬಿಯಂ ಸಾಕು. ಹಿಂದಿನ ದಿನದ ಗಂಜಿತಿಳಿಯಲ್ಲಿ ಅದನ್ನು ಕದಡಿ, ಬೀಜ ತೇವವಾಗುವಷ್ಟೇ ಹಾಕಿ, ಸಿಪ್ಪೆ ಏಳದ ಹಾಗೆ ಕೈಯಲ್ಲಿ ಮೆಲ್ಲ ಹೊರಳಿಸಿ. ತೇವ ಇರುವಾಗಲೇ ಸುಮಾರು 300 ಗ್ರಾಂ ಕಾರ್ಬೊನೇಟ್ ಹುಡಿ ಉದುರಿಸಿದರೆ ಪ್ರತಿ ಕಾಳಿಗೂ ಬಿಳಿ ಹೊದಿಕೆ ಕೂರುತ್ತದೆ. ಕಾಗದದ ಮೇಲೆ ನೆರಳಿನಲ್ಲಿ ಹರಡಿ, ಅದೇ ದಿನ ಹಸಿ ಇರುವ ಮಣ್ಣಿಗೆ ಬಿತ್ತಿ. ಬಣ್ಣ ಹಚ್ಚಿದ ಅಂಗಡಿ ಬೀಜವಾದರೆ ಅದರಲ್ಲಿ ಶಿಲೀಂಧ್ರನಾಶಕ ಇರುತ್ತದೆ, ಅಂಥದ್ದಕ್ಕೆ ಇದು ಬೇಡ.

ಇನ್ನು ಪ್ಯಾಕೆಟ್ಟು. ಅದರ ಮೇಲೆ ಬೆಳೆಯ ಹೆಸರು ಸೋಯಾ ಎಂದಿತ್ತು, ಯಾರೂ ಓದಲಿಲ್ಲ. ಸೋಯಾಕ್ಕೆ ಹೊಂದುವ ರೈಜೋಬಿಯಂ ಅಲಸಂಡೆಗೆ ಹೊಂದುವುದಿಲ್ಲ. ಅಲಸಂಡೆ ಗುಂಪಿನದ್ದೇ ಕೇಳಿ ತನ್ನಿ. ಹುಡಿಯಾದರೆ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದರೆ ಮಿಲಿಗೆ 10 ಕೋಟಿ ಜೀವಾಣು ಇರಬೇಕೆಂದು ಕಾನೂನೇ ಹೇಳುತ್ತದೆ. ಬ್ಯಾಚ್ ನಂಬರ್, ತಯಾರಿಸಿದ ತಾರೀಕು, ಅವಧಿ ಮೂರೂ ನೋಡಿ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನಡಿ ಬಿದ್ದಿದ್ದ ಪ್ಯಾಕೆಟ್ಟಿಗೆ ಅವಧಿ ಬಾಕಿಯಿದ್ದರೂ ಬೇಡವೆಂದು ವಾಪಸು ಕೊಡಿ. ಮನೆಗೆ ತಂದ ಮೇಲೆ ನಾವೂ ಯೂರಿಯಾ ಚೀಲದ ಪಕ್ಕ ಇಡಬಾರದು.

ಬೀಜ, ಪ್ಯಾಕೆಟ್ಟು ಎರಡೂ ಸರಿ ಇದ್ದಿದ್ದರೂ ಆ ಜಾಗದಲ್ಲಿ ಫಲ ಕಡಿಮೆಯೇ ಆಗುತ್ತಿತ್ತು, ಯಾಕೆಂದರೆ ನೆಲಕ್ಕೆ ಸುಣ್ಣ ಹಾಕಿರಲೇ ಇಲ್ಲ. ಮುರಮಣ್ಣಿನ ಹುಳಿಯಲ್ಲಿ ಅಲ್ಯೂಮಿನಿಯಂ ಕರಗಿ ಎಳೆ ಬೇರನ್ನು ಮೊಂಡಾಗಿಸುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಸೇರಿ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ರಂಜಕ ಸಿಗದೆ ಗಂಟು ಬೆಳೆಯುವುದಿಲ್ಲ. ಮೊದಲ ಉಳುಮೆಗೇ, ಅಂದರೆ ಬಿತ್ತುವುದಕ್ಕೆ ಎರಡು ವಾರ ಮೊದಲು, ಅರ್ಧ ಎಕರೆಗೆ 50 ಕಿಲೋದಷ್ಟು ಸುಣ್ಣ ಹಾಕಿ ಮಣ್ಣಿಗೆ ಬೆರೆಸಬೇಕು. ಇಲ್ಲಿ ಕುಮ್ಮಾಯ ಆಗುತ್ತದೆ, ಬಿತ್ತನೆಯ ಹೊತ್ತಿಗೆ ಅದರ ಉರಿ ಇಳಿದಿರುತ್ತದೆ. ಆಮೇಲೆ ಹಟ್ಟಿಗೊಬ್ಬರ, ಶಿಲಾರಂಜಕ (ರಾಕ್ ಫಾಸ್ಫೇಟ್). ರಂಜಕ ಕರಗಿಸುವ ಜೀವಾಣು ಹಾಕಿದೆವೆಂದು ಶಿಲಾರಂಜಕ ಬಿಡುವವರಿದ್ದಾರೆ. ಕರಗಿಸಲು ಏನಾದರೂ ಇದ್ದರೆ ತಾನೇ ಕರಗಿಸುವುದು?

ಯೂರಿಯಾ ಜಾಸ್ತಿಯಾದರೂ ಗಂಟು ಕಟ್ಟುವುದಿಲ್ಲ, ಸಾರಜನಕ ಪುಕ್ಕಟೆ ಸಿಕ್ಕಿದ ಗಿಡ ಜೀವಾಣುವನ್ನು ಹತ್ತಿರ ಸೇರಿಸುವುದಿಲ್ಲ. ಅರ್ಧ ಎಕರೆಗೆ ಇಡೀ ಬೆಳೆಗೆ 9 ಕಿಲೋ ಮೀರಬೇಡಿ, ಅದನ್ನೂ ಎರಡು ಕಂತಿನಲ್ಲಿ ಕೊಡಿ. ಗಂಟು ಕೆಟ್ಟೇ ಹೋದ ಆ ತೋಟಕ್ಕೆ ಮಾತ್ರ ಈ ಸಲ ಯೂರಿಯಾ ಬಿಟ್ಟರೆ ಬೇರೆ ದಾರಿ ಉಳಿದಿರಲಿಲ್ಲ.

ಪ್ಯಾಕೆಟ್ಟಿನ ಬಗ್ಗೆ ಸಂಶಯವಿದ್ದರೆ ಬಿತ್ತನೆಗೆ ಒಂದೂವರೆ ತಿಂಗಳು ಮೊದಲೇ ಅದೇ ಜಾಗದ ಸ್ವಲ್ಪ ಮಣ್ಣಿಗೆ ಸುಣ್ಣ ಬೆರೆಸಿಟ್ಟು, ಎರಡು ವಾರ ಕಳೆದ ಮೇಲೆ ಅದನ್ನು ಎರಡು ಚಟ್ಟಿಗೆ ತುಂಬಿ, ಒಂದರಲ್ಲಿ ಹಚ್ಚಿದ ಬೀಜ, ಇನ್ನೊಂದರಲ್ಲಿ ಹಚ್ಚದ ಬೀಜ ಹಾಕಿ. 30 ದಿನಕ್ಕೆ ಎರಡನ್ನೂ ಕಿತ್ತು, ಗಂಟು ಎಣಿಸಿ, ಸೀಳಿ ಬಣ್ಣ ನೋಡಿ.