ಫೋ, ರಾಮೆನ್, ಥಾಯ್: ಯಾವ ಹೋಟೆಲ್‌ಗೆ ಹೋಗೋದು?

ಊರಂಚಿನ ಬಡಾವಣೆಯಲ್ಲಿ ವಿಯೆಟ್ನಾಂನ ಫೋ, ಜಪಾನಿನ ರಾಮೆನ್, ಥಾಯ್ ಊಟ ಮೂರೂ ಅಕ್ಕಪಕ್ಕ ಸಿಕ್ಕರೆ ಯಾವುದನ್ನು ಆರಿಸೋದು? ಮಕ್ಕಳು, ಹಿರಿಯರು ಜೊತೆಗಿದ್ದರೆ ನನ್ನ ಓಟು ಫೋಗೆ.

ಫೋ ಅಂದರೆ ಅಕ್ಕಿ ನೂಡಲ್ಸ್, ತಿಳಿಯಾದ ಸಾರು. ದನದ ಅಥವಾ ಕೋಳಿಯ ಮೂಳೆಯನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿರುತ್ತಾರೆ. ದನದ ಸಾರಿನಲ್ಲಿ ಸುಟ್ಟ ಶುಂಠಿ, ಚಕ್ಕೆ, ಚಕ್ರಮೊಗ್ಗಿನ ಘಮ ಇರುತ್ತದೆ. ಪಕ್ಕದ ತಟ್ಟೆಯಲ್ಲಿ ಹೆಸರುಮೊಳಕೆ, ಥಾಯ್ ತುಳಸಿ, ನಿಂಬೆಹೋಳು, ಮೆಣಸಿನಕಾಯಿ. ತುಳಸಿ ಎಲೆ ಹರಿದು ಬಿಸಿ ಸಾರಿಗೆ ಹಾಕಿದ ಕೂಡಲೇ ಪರಿಮಳ ಮೂಗಿಗೆ ಬಡಿಯುತ್ತದೆ. ಖಾರ, ಹುಳಿ ಎಷ್ಟು ಬೇಕೋ ಅಷ್ಟು ನೀವೇ ಹಾಕಿಕೊಳ್ಳಬಹುದು. ಮಕ್ಕಳಿಗೆ ಇದೇ ಅನುಕೂಲ, ಅಲ್ವಾ?

ರಾಮೆನ್ ಗೋಧಿ ನೂಡಲ್ಸ್. ಹಿಟ್ಟಿಗೆ ಕ್ಷಾರದ ನೀರು ಸೇರಿಸುವುದರಿಂದ ಎಳೆ ಹಳದಿಯಾಗಿ, ಜಗಿಯುವ ಹಾಗಿರುತ್ತದೆ. ಟೊಂಕೊಟ್ಸು ಅಂದರೆ ಹಂದಿ ಮೂಳೆಯನ್ನು ಜೋರಾಗಿ ಕುದಿಸಿದ, ಹಾಲಿನಂಥ ಗಟ್ಟಿ ಸಾರು. ರುಚಿ ಅದ್ಭುತ, ಜಿಡ್ಡು ಜಾಸ್ತಿ. ನೂಡಲ್ಸ್ ಬೇಗ ಮೆತ್ತಗಾಗುವುದರಿಂದ ಹರಟೆಗೆ ಕೂರುವ ಊಟವಲ್ಲ. ಒಬ್ಬರೇ ಹೋದಾಗ, ಜೋರು ಹಸಿವಾದಾಗ ಇದೇ ಸರಿ.

ನಾಲ್ಕೈದು ಜನ ಹಂಚಿಕೊಂಡು ತಿನ್ನುವುದಾದರೆ ಥಾಯ್. ಎರಡು ಕರಿ, ಒಂದು ಪ್ಯಾಡ್ ಥಾಯ್ (ಹುರಿದ ಅಕ್ಕಿ ನೂಡಲ್ಸ್), ಅನ್ನ ಮಧ್ಯದಲ್ಲಿಟ್ಟರೆ ಎಲ್ಲರಿಗೂ ಆಯ್ತು.

ಸಸ್ಯಾಹಾರಿಗಳು ಟೋಫು (ಸೋಯಾ ಪನೀರ್) ಕಂಡ ತಕ್ಷಣ ಸುಮ್ನೆ ಆರ್ಡರ್ ಮಾಡಬೇಡಿ. ಥಾಯ್ ಕರಿಯ ಮಸಾಲೆಯಲ್ಲಿ ಸಾಮಾನ್ಯವಾಗಿ ಸಿಗಡಿ ಪೇಸ್ಟ್ ಇರುತ್ತದೆ, ಮೀನಿನ ಸಾಸ್ ಬೇರೆ. ಸಾರು ಯಾವುದರದ್ದು ಎಂದು ಮೂರೂ ಕಡೆ ಕೇಳಿ. ಗೋಧಿ ಆಗದವರಿಗೆ ಅಕ್ಕಿ ನೂಡಲ್ಸ್ ಸರಿ, ಆದರೆ ಮೇಜಿನ ಮೇಲಿನ ಹೊಯ್ಸಿನ್ ಸಾಸ್‌ನಲ್ಲಿ (ಸೋಯಾದ ಸಿಹಿ, ಗಟ್ಟಿ ಸಾಸ್) ಗೋಧಿ ಇರಬಹುದು. ಬಾಟಲಿಯ ಹಿಂದಿನ ಚೀಟಿ ಓದಿ.